ನೂರಕ್ಕೆ ನೂರು ಚಾರ್ಜು

ಎಲ್ಲಕ್ಕೂ ಮೂಲ ಷಡ್ಡಕನ ಒಂದು ನಗು. "ಮುನ್ನೂರು ಕಿಲೋಮೀಟರು, ಅದೂ ಬ್ಯಾಟರಿ ಗಾಡೀಲಿ! ನಮ್ಮನೆ ಗೇಟಿನವರೆಗೂ ಬರೋ ಹೊತ್ತಿಗೆ ನಿನಗೆ ಪೆನ್ಷನ್ ಶುರುವಾಗಿರುತ್ತೆ ಕಣಯ್ಯಾ" ಎಂದು ಮಹಾನಗರದಲ್ಲಿ ಕೂತು ಫೋನಿನಲ್ಲಿ ನಕ್ಕಿದ್ದ.

ಡ್ರಾಯಿಂಗ್ ಮೇಷ್ಟ್ರಿಗೆ ಏನು ಬೇಕಾದರೂ ಹೇಳಬಹುದು, ಆಗುವುದಿಲ್ಲ ಎಂದು ಮಾತ್ರ ಹೇಳಬಾರದು. "ಭಾನುವಾರ ಮಧ್ಯಾಹ್ನದ ಊಟಕ್ಕೆ ಎಲೆಕ್ಟ್ರಿಕ್ ಕಾರಲ್ಲೇ ಬರ್ತೀನಿ. ಆರಾಮಾಗಿ ಬರ್ತೀನಿ!" ಎಂದು ಗುಡುಗಿ ಫೋನ್ ಇಟ್ಟರು.

ಶನಿವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಡ್ರಾಯಿಂಗ್ ಹಾಳೆ ಹಾಸಿ ದಾರಿಯ ನಕ್ಷೆ ಬರೆದರು. ರಸ್ತೆಗೆ ಬೂದು ಬಣ್ಣ, ಚಾರ್ಜಿಂಗ್ ನಿಲ್ದಾಣಕ್ಕೆ ಹಸಿರು ಚುಕ್ಕೆ, ಕಾಫಿ ಕುಡಿಯುವಲ್ಲಿ ಹಬೆಯಾಡುವ ಲೋಟ, ನಿದ್ದೆಗೆಂದು ಒಂದು ಮರ. ನೆರಳನ್ನೂ ಬಿಡದೆ ಬರೆದಿದ್ದರು. ಕೆಳಗೆ ಕಾರು ನೂರಕ್ಕೆ ನೂರು ಚಾರ್ಜಾಗಿ ನಿಂತಿತ್ತು. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಚಾರ್ಜಿಂಗ್ ಪ್ಲಗ್ಗು. ಬಸ್ ನಿಲ್ದಾಣದ ಬಳಿಯ ಇನ್ನೊಂದು ಕೆಟ್ಟು ತಿಂಗಳಾಗಿತ್ತು. ಇರುವ ಒಂದನ್ನು ಬಳಸುವವರೂ ಮೇಷ್ಟ್ರೊಬ್ಬರೇ ಆದ್ದರಿಂದ ಅವರಿಗೇನೂ ಚಿಂತೆಯಿರಲಿಲ್ಲ.

ಗಾಜು ಒರೆಸಲು ಕೆಳಗಿಳಿದದ್ದೇ ತಪ್ಪಾಯಿತು. ನೆಲಮಹಡಿಯ ಮ್ಯಾನೇಜರು ಕಾಯುತ್ತಿದ್ದರು. ಮೂವತ್ತು ವರ್ಷ ಪೆಟ್ರೋಲ್ ಬಂಕು ನಡೆಸಿ ನಿವೃತ್ತರಾದವರು. ಮೂರು ತಿಂಗಳಿಂದ ಮೇಷ್ಟ್ರ ಕಾರನ್ನು ಕೆಣಕುವುದೇ ಅವರ ಉದ್ಯೋಗ.

"ಏನ್ ಮೇಷ್ಟ್ರೇ, ನಾಳೆ ಸವಾರಿಯಂತೆ? ದಿಣ್ಣೆ ಹತ್ತುತ್ತಾ ಇದು? ಎ.ಸಿ. ಹಾಕಿದ್ರೆ ಅಲ್ಲೇ ಮಲಗಿಬಿಡಲ್ವಾ?"

"ಹತ್ತಿ ಕೂತ್ಕೊಳ್ಳಿ!" ಎಂದರು ಮೇಷ್ಟ್ರು.

ಎ.ಸಿ. ಹಾಕಿ, ನೀರಿನ ಟ್ಯಾಂಕಿನ ದಿಣ್ಣೆಯನ್ನು ನಾಲ್ಕು ಸಲ ಹತ್ತಿ ಇಳಿದರು. ಮ್ಯಾನೇಜರು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡರು.

"ಇಬ್ಬರಿದ್ದಾಗ ಸರಿ. ಭಾರ ಹಾಕಿದ್ರೆ ಗೊತ್ತಾಗುತ್ತೆ ಬಣ್ಣ."

ಅಷ್ಟು ಸಾಕಾಯಿತು. ಮಹಡಿಯ ಟೈಲರಮ್ಮನ ಹೊಲಿಗೆ ಯಂತ್ರ ಕೆಟ್ಟಿತ್ತು. ಮೇಷ್ಟ್ರು ತಾವೇ ಹೊತ್ತು ತಂದು ಡಿಕ್ಕಿಗೆ ತುಂಬಿದರು. ಹತ್ತಿರದ ರಿಪೇರಿ ಅಂಗಡಿ ಬಾಗಿಲು ಹಾಕಿತ್ತು, ಇನ್ನೊಂದು ಊರಿನ ಆಚೆ ತುದಿಯಲ್ಲಿತ್ತು. ವಾಪಸು ಬರುವಷ್ಟರಲ್ಲಿ ಕಟ್ಟಡದ ಕಾರ್ಯದರ್ಶಿ ಕೈ ಅಡ್ಡ ಹಿಡಿದು ನಿಂತಿದ್ದರು.

"ಮೆಟ್ಟಿಲಿಗೆ ಪಕ್ಕದೂರಿಂದ ಎಂಟು ಪೆಟ್ಟಿಗೆ ಟೈಲ್ಸ್ ತರಬೇಕಿತ್ತು ಮೇಷ್ಟ್ರೇ. ಆದ್ರೆ ನಿಮ್ಮ ಗಾಡಿ ಕೈಲಿ ಆಗಲ್ಲ ಬಿಡಿ."

"ಯಾರ್ರೀ ಹೇಳಿದ್ದು ಆಗಲ್ಲ ಅಂತ?"

ಹೆಂಡತಿ ಬಾಲ್ಕನಿಯಿಂದ ಬಗ್ಗಿ ಕೂಗಿದಳು. "ರೀ, ನಾಳೆ ಹೋಗೋ ದಾರೀನ ಇವತ್ತೇ ಮುಗಿಸ್ತೀರಾ? ಮನೆಗೆ ಮಾರಿ, ಊರಿಗೆ ಉಪಕಾರಿ!"

"ಚಾರ್ಜು ಹೋದ್ರೆ ರಾತ್ರಿ ಹಾಕ್ಕೋಬಹುದು ಕಣೇ. ಮಾನ ಹೋದ್ರೆ ಯಾವ ಪ್ಲಗ್ಗಿಗೆ ಹಾಕ್ಲಿ?"

ಈ ಮಾತಿಗೆ ಮ್ಯಾನೇಜರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ಮೇಷ್ಟ್ರು ಮನುಷ್ಯರಾಗಿ ಉಳಿಯಲಿಲ್ಲ. ಟೈಲ್ಸು ತುಂಬಿಕೊಂಡು, ಮ್ಯಾನೇಜರನ್ನು ಪಕ್ಕಕ್ಕೆ, ಕಾರ್ಯದರ್ಶಿಯನ್ನು ಹಿಂದಕ್ಕೆ ಕೂರಿಸಿಕೊಂಡು ಬೈಪಾಸಿನಲ್ಲಿ ಮೂರು ಸುತ್ತು ಹೊಡೆದರು. ಮ್ಯಾನೇಜರು ಒಂದೇ ಸಮನೆ ಕೇಳುತ್ತಲೇ ಇದ್ದರು: ವೇಗವಾಗಿ ಹೋದರೆ ಚಾರ್ಜು ಎಷ್ಟು ಇಳಿಯುತ್ತೆ, ಬ್ರೇಕು ಒತ್ತಿದರೆ ಎಷ್ಟು ವಾಪಸು ಏರುತ್ತೆ, ಮೊದಲ ಚಾರ್ಜು ಹೇಗೆ ಮಾಡಬೇಕು. ಮೇಷ್ಟ್ರು ದಡ್ಡ ವಿದ್ಯಾರ್ಥಿಗೆ ಪಾಠ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು.

ಸಂಜೆ ಐದಕ್ಕೆ ಬೈಪಾಸಿನ ಕೊನೆಯ ಸರ್ಕಲ್ಲಿನಲ್ಲಿ ಮ್ಯಾನೇಜರು, "ನನ್ನ ಇಲ್ಲೇ ಇಳಿಸಿ, ಒಂಚೂರು ಕೆಲಸ ಇದೆ" ಎಂದು ಇಳಿದು, ಕಿಟಕಿಯೊಳಗೆ ಕೈ ತೂರಿಸಿ ಮೇಷ್ಟ್ರ ಕೈ ಕುಲುಕಿದರು. "ಒಪ್ಪಿದೆ ಮೇಷ್ಟ್ರೇ. ಸೋತೆ."

ಆಹಾ! ಮೇಷ್ಟ್ರ ಎದೆ ತುಂಬಿ ಬಂತು. ಮೂರು ತಿಂಗಳ ಯುದ್ಧ ಮುಗಿದಿತ್ತು. ಆ ದಿನ ಓಡಿದ್ದು ಇನ್ನೂರ ಹನ್ನೊಂದು ಕಿಲೋಮೀಟರು. ಚಾರ್ಜು ಉಳಿದದ್ದು ನೂರಕ್ಕೆ ಒಂಬತ್ತು.

ಆ ಒಂಬತ್ತರಲ್ಲಿ ಮನೆ ಸೇರಬೇಕಿತ್ತು. ಎ.ಸಿ. ಆರಿಸಿದರು, ಹಾಡು ನಿಲ್ಲಿಸಿದರು, ಕಾರ್ಯದರ್ಶಿಗೆ ಹೆಚ್ಚು ಅಲ್ಲಾಡಬೇಡಿ ಎಂದರು. ಕಾರು ಬಸುರಿ ಎಮ್ಮೆಯಂತೆ ಹೆಜ್ಜೆ ಹಾಕಿತು. ಸೈಕಲ್ಲುಗಳು ಹಿಂದೆ ಹಾಕಿದವು. ಹೊಚ್ಚ ಹೊಸ ಕಾರೊಂದು ಸದ್ದಿಲ್ಲದೆ ಪಕ್ಕದಲ್ಲಿ ಸರಿದು, ಪೀಂ ಎಂದು ಮುಂದೆ ಹೋಯಿತು.

ನಾಲ್ಕು ಉಳಿದಿರುವಾಗ ಗೇಟು ದಾಟಿ ನೋಡಿದರೆ, ಪ್ಲಗ್ಗಿನ ಮುಂದೆ ಅದೇ ಕಾರು! ಮೂತಿಗೆ ಕೆಂಪು ರಿಬ್ಬನ್ನು, ಹೊಟ್ಟೆಗೆ ಚಾರ್ಜಿಂಗ್ ವೈರು. ಪಕ್ಕದಲ್ಲಿ ಮ್ಯಾನೇಜರು.

"ಬುಕ್ ಮಾಡಿ ಮೂರು ತಿಂಗಳಾಗಿತ್ತು ಮೇಷ್ಟ್ರೇ, ಇವತ್ತು ಕೊಟ್ರು. ಸುಮ್ನೆ ಕೇಳಿದ್ರೆ ನೀವು 'ಚೆನ್ನಾಗಿದೆ' ಅಂದು ಮುಗಿಸ್ತೀರಿ. ಕೆಣಕಿದ್ರೆ ಪೂರ್ತಿ ಹೇಳ್ತೀರಿ. ಎಲ್ಲಾ ಬರ್ಕೊಂಡಿದ್ದೀನಿ ನೋಡಿ!"

"ಮೊದಲು ವೈರು ಬಿಚ್ಚಿ! ನನಗೆ ಬೆಳಗಾದ್ರೆ ಹೊರಡಬೇಕು, ಹತ್ತು ಗಂಟೆ ಚಾರ್ಜಾಗಬೇಕು!"

ಮ್ಯಾನೇಜರು ನೋಟ್‌ಬುಕ್ ತಿರುವಿದರು. "'ಮೊದಲನೇ ಸಲ ಪೂರ್ತಿ ತುಂಬಬೇಕು, ನಡುವೆ ಬಿಚ್ಚಬಾರದು.' ನಿಮ್ಮ ಮಾತೇ ಅಲ್ವಾ? ಬೆಳಗ್ಗೆ ಆರಕ್ಕೆ ಬಿಚ್ತೀನಿ. ನಾನೂ ಅದೇ ಊರಿಗೇ ಹೊರಟಿರೋದು, ಮಗಳ ಮನೆಗೆ. ನೀವಿಬ್ರೂ ನನ್ನ ಗಾಡೀಲೇ ಬಂದುಬಿಡಿ, ಹಿಂದಿನ ಸೀಟಲ್ಲಿ ಆರಾಮಾಗಿ."

"ಪ್ರಾಣ ಹೋದ್ರೂ ಇಲ್ಲ! ನನ್ನ ಗಾಡೀಲಿ ಬರ್ತೀನಿ ಅಂದಿದ್ದೀನಿ, ಅದರಲ್ಲೇ ಹೋಗ್ತೀನಿ!"

"ನಾನು ಹಾಗೇನೂ ಅಂದಿಲ್ಲ" ಎಂದಳು ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಹೆಂಡತಿ, ತನ್ನ ಸೂಟ್‌ಕೇಸನ್ನು ಮ್ಯಾನೇಜರ ಡಿಕ್ಕಿಗೆ ಇಡುತ್ತ. "ಅಕ್ಕ ಅಡುಗೆ ಮಾಡ್ಕೊಂಡು ಕಾಯ್ತಿರ್ತಾಳೆ."

ಬೆಳಗ್ಗೆ ಆರಕ್ಕೆ ಅವರು ಹೊರಟರು. ನಕ್ಷೆಯನ್ನೂ ಹೆಂಡತಿಯೇ ಒಯ್ದಳು. ಆರೂ ಐದಕ್ಕೆ ಮೇಷ್ಟ್ರು ಪ್ಲಗ್ಗು ಚುಚ್ಚಿ, ತುಂಬುವ ತನಕ ಕದಲುವುದಿಲ್ಲವೆಂದು ಕಾರಿನಲ್ಲೇ ಕೂತರು. ಟೈಲರಮ್ಮ ಕಾಫಿ ತಂದರೆ ಬೇಡವೆಂದರು. ಕಾರ್ಯದರ್ಶಿ ಸಮಾಧಾನ ಹೇಳಲು ಬಂದರೆ ಗಾಜು ಏರಿಸಿದರು.

ಮಧ್ಯಾಹ್ನ ಒಂದಕ್ಕೆ ಷಡ್ಡಕನ ಫೋನು ಬಂತು.

"ಸೋತೆ ಕಣಯ್ಯಾ! ಬ್ಯಾಟರಿ ಗಾಡಿ ಬಂದೇಬಿಡ್ತು, ನಮ್ಮನೆ ಗೇಟಿನ ಒಳಗೇ ನಿಂತಿದೆ! ನಿಮ್ಮ ಮ್ಯಾನೇಜರ್ರು ಎಂಥಾ ಬುದ್ಧಿವಂತ್ರು! ದಿಣ್ಣೆ, ಭಾರ, ಬ್ರೇಕು, ಏನು ಕೇಳಿದ್ರೂ ಬಾಯಲ್ಲೇ ಇದೆ. ನಕ್ಷೆ ಬೇರೆ ಎಷ್ಟು ಚಂದ ಇಟ್ಕೊಂಡಿದ್ದಾರೆ! ಅವರು ಹೇಳಿದ ಮೇಲೆ ನಾನೂ ಒಂದು ಕಾರು ಬುಕ್ ಮಾಡಿದೆ. ನೀನೂ ಅವರ ಹತ್ರ ಕೂತು ನಾಲ್ಕು ಮಾತು ಕಲ್ತುಕೋಬಾರದಾ?"

ಮೇಷ್ಟ್ರು ಕಾರಿನ ಚಾರ್ಜು ನೋಡಿದರು. ಪರದೆಯ ಮೇಲೆ ಎಪ್ಪತ್ತು ಎಂದಿತ್ತು.

"ಅದಿರ್ಲಿ, ಊಟಕ್ಕೆ ಕಾಯ್ತಾ ಇದ್ದೀವಿ. ನೀನು ಯಾವ ಬಸ್ಸಿಗೆ ಬರ್ತಾ ಇದ್ದೀಯಾ?"

"ಬಸ್ಸಾ?" ಮೇಷ್ಟ್ರು ಕೂಗಿದ ರಭಸಕ್ಕೆ ಮೂರು ಮಹಡಿಯ ಕಿಟಕಿಗಳೂ ತೆರೆದುಕೊಂಡವು. "ಬಸ್ಸಿಗೆ ಬರೋನು ಬೇರೆ! ನಾನು ಕಾರಲ್ಲೇ ಬರ್ತೀನಿ! ಊಟ ಮುಚ್ಚಿಡಿ!"