ಚಿಗವ್ವನ ಡಬ್ಬಿ ಮತ್ತು ಹೊರದೇಶದ ಒಲೆ

ಕೊಡುವುದು ಸುಲಭ, ಕೈಯೊಡ್ಡಿ ತೆಗೆದುಕೊಳ್ಳುವುದೇ ಕಷ್ಟ ಎಂದು ಹಿರಿಯರು ಹೇಳುತ್ತಾರೆ. ನನಗಂತೂ ತೆಗೆದುಕೊಳ್ಳುವುದು ಎಂದೂ ಕಷ್ಟವೆನಿಸಿಲ್ಲ, ಹಿಂದಿರುಗಿಸುವುದೇ ಕಷ್ಟ. ಈ ಗುಣದಿಂದ ನನ್ನ ಮಾನ ಹೋದದ್ದು ಒಬ್ಬ ವಿದೇಶಿ ಹೆಣ್ಣುಮಗಳ ಎದುರಿಗೆ.

ನಾನು ಆಳಂದದಲ್ಲಿ ಇಂಗ್ಲಿಷ್ ಮಾಸ್ತರ. ಒಂದು ಶ್ರೀಮಂತ ದೇಶದವರು ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಶರಣಮ್ಮನ ಊರಾದ ಕಿಣ್ಣಿ ಸುಲ್ತಾನದ ಹೆಣ್ಣುಮಕ್ಕಳಿಗೆ ಬಿಸಿಲಿನಲ್ಲಿ ಅಡುಗೆಯಾಗುವ ಪೆಟ್ಟಿಗೆಯಂಥ ಒಲೆಗಳನ್ನು ಪುಕ್ಕಟೆ ಕೊಟ್ಟಿದ್ದರು. ಬಿಸಿಲಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಬೇಕಾದರೆ ಆ ದೇಶಕ್ಕೇ ಒಂದಿಷ್ಟು ಕಳಿಸಬಹುದು. ಒಲೆ ಹೇಗಿದೆಯೆಂದು ನೋಡಲು ಅಲ್ಲಿಯ ಮೇಡಂ ಬಂದಾಗ ದುಭಾಷಿಯೆಂದು ನನ್ನನ್ನು ಜೀಪು ಹತ್ತಿಸಿದರು. ಅವರ ವರದಿ ಚೆನ್ನಾಗಿ ಹೋದರೆ ಊರ ಶಾಲೆಗೆ ಕುಡಿಯುವ ನೀರಿನ ಘಟಕವೂ ಬರುವುದಿತ್ತು. ಹಾಗಾಗಿ ಊರಿನವರಿಗಿಂತ ಹೆಚ್ಚು ಬೆವರಿದವನು ನಾನೇ.

ಒಲೆಯ ಬಗ್ಗೆ ಕೇಳಿದರೆ ಚಿಗವ್ವ, “ಇದರಾಗ ರೊಟ್ಟಿ ಉಬ್ಬಂಗಿಲ್ಲ ತಮ್ಮಾ. ಕೊಡೂಮುಂದ ನೀವು ಏನು ಉಣ್ತೀರಿ ಅಂತ ಯಾರೂ ಕೇಳಲಿಲ್ಲ. ಶೇಂಗಾ ಮಾತ್ರ ಛಲೋ ಹುರೀತದ” ಎಂದಳು. ನಾನು ಶೇಂಗಾವನ್ನಷ್ಟೇ ಇಂಗ್ಲಿಷಿಗೆ ದಾಟಿಸಿದೆ. “ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ?” ಎಂದರು ಮೇಡಂ. ರೊಟ್ಟಿಯನ್ನೂ ಹೇಳಲೇಬೇಕಾಯಿತು. ಅವರು ಮುಖ ಗಂಭೀರ ಮಾಡಿಕೊಂಡು ಬರೆದುಕೊಂಡರು.

ಹೊರಡುವಾಗ ಚಿಗವ್ವ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಡಬ್ಬಿ ಹಿಡಿದು ನಿಂತಳು. ಯಾರ ಮನೆಯಿಂದಾದರೂ ಪಾತ್ರೆ ತುಂಬಿ ಬಂದರೆ ಅದನ್ನು ಖಾಲಿ ಕಳಿಸಬಾರದು, ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಕಡೆಯ ರೀತಿ. ನೆರವು ಪಡೆದವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಮೇಡಂ ಕಚೇರಿಯ ರೀತಿ. ಅವರು ಬೇಡವೆಂದು ಕೈಮುಗಿದಾಗ ಚಿಗವ್ವನ ಮುಖ ಸಣ್ಣದಾಯಿತು.

“ಅವರು ಕೊಟ್ರ ನಾವು ತಗೋಬೇಕು, ನಾವು ಕೊಟ್ರ ಅವರು ತಗೊಳ್ಳಂಗಿಲ್ಲೇನು? ಹಂಗಾದ್ರ ಒಲೀನೂ ಒಯ್ರಿ ಅಂತ ಹೇಳು.”

ನೀರಿನ ಘಟಕ ಕೈತಪ್ಪಿತೆಂದೇ ತಿಳಿದೆ. ಆದರೂ ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದೆ. ಚಿಗವ್ವನ ಬಗ್ಗೆ ಅಷ್ಟು ಹೆಮ್ಮೆಯಾಗಿತ್ತು. ಮೇಡಂ ಬರೆಯುವ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. ಆಮೇಲೆ ಡಬ್ಬಿಗೆ ಎರಡೂ ಕೈಯೊಡ್ಡಿ, “ಇದನ್ನು ಯಾವುದರ ಜೊತೆ ತಿನ್ನುವುದು?” ಎಂದರು. ಚಿಗವ್ವ ಅವರನ್ನು ಕಟ್ಟಿಗೆ ಒಲೆಯ ಮುಂದೆ ಕೂಡಿಸಿ ಬಿಸಿ ರೊಟ್ಟಿ ಬಡಿದು ಹಾಕಿದಳು. ಮೂರನೆಯ ರೊಟ್ಟಿ ಮುಗಿಸಿ ಮೇಡಂ, “ನೀರಿನ ಘಟಕಕ್ಕೆ ಬರೆಯುತ್ತೇನೆ. ಒಲೆ ಕೊಡುವ ಮೊದಲು ಊಟ ಮಾಡಿ ನೋಡಬೇಕು ಅಂತಲೂ ಬರೆಯುತ್ತೇನೆ” ಎಂದರು.

ಆ ಸಂತೋಷದಲ್ಲಿ ನಾನೂ ಕೈಚಾಚಿದೆ. “ಚಿಗವ್ವ, ನನಗೊಂದು ಡಬ್ಬಿ?”

“ಪಂಚಮಿಗಿ ಉಂಡಿ ತುಂಬಿ ಕೊಟ್ಟ ಡಬ್ಬಿ ಎಲ್ಲದಲೇ? ಖಾಲಿನೂ ಬರಲಿಲ್ಲ!”

ಏನಂದರೆಂದು ಮೇಡಂ ಕೇಳಿದರು. “ಮತ್ತೊಮ್ಮೆ ಬನ್ನಿ ಅಂತಿದ್ದಾರೆ” ಎಂದೆ. ಮೇಡಂ ತಮ್ಮ ಕೈಯ ಡಬ್ಬಿ ನೋಡಿ, ನನ್ನ ಖಾಲಿ ಕೈ ನೋಡಿ, ಜೋರಾಗಿ ನಕ್ಕುಬಿಟ್ಟರು. ಅಷ್ಟಕ್ಕೆ ದುಭಾಷಿ ಬೇಕಾಗಿರಲಿಲ್ಲ.