ಮೂರನೇ ಗೇರಿಗೆ ಏರಲೊಲ್ಲದ ಮಹಾಶಯರಿಗೆ

ನನ್ನ ಎಂಬತ್ತೇಳರ ಮಾಡೆಲ್ ಪಿಕಪ್ಪಿನ ಹೊಟ್ಟೆಯಡಿ ಆಸೀನರಾಗಿ, ಯಾರ ಕೈಯ ಹಂಗೂ ಇಲ್ಲದೆ ತಾವೇ ಗೇರ್ ಬದಲಿಸುವ ಮಾನ್ಯ ಗೇರ್‌ಬಾಕ್ಸ್ ಮಹಾಶಯರೇ,

ನೆಬ್ರಾಸ್ಕಾದ ಸಾಲೈನ್ ಬೆಂಡ್ ಊರಿನ ಲವಾನ್ ಹ್ರೂಬಿ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸಲು ಕಾಯಿಲೆ ಏನೆಂದು ತಿಳಿಯುವವರೆಗೆ ತಗಲಿದ್ದು ಇಷ್ಟು: ಹೊಸ ಎಣ್ಣೆ ಮತ್ತು ಫಿಲ್ಟರಿಗೆ ನೂರ ನಲವತ್ತು ಡಾಲರ್, ನಡುದಾರಿಯಿಂದ ಎಳೆದು ತಂದವನಿಗೆ ತೊಂಬತ್ತೈದು, ತಮಗೆ ಕುಡಿಸಿದ ನಾಲ್ಕು ಬಾಟಲಿ ಟಾನಿಕ್ಕಿಗೆ ಐವತ್ತೆಂಟು. ಒಟ್ಟು ಇನ್ನೂರ ತೊಂಬತ್ತಮೂರು. ಎರಡು ಮಂಗಳವಾರದ ವ್ಯಾಪಾರ ಹೋದದ್ದು ಬೇರೆ.

ಮಂಗಳವಾರವೆಂದರೇನೆಂದು ತಮಗೆ ತಿಳಿಯದ್ದಲ್ಲ. ಅಂದು ದನಗಳ ಹರಾಜು. ತಾವು ಎಳೆದೊಯ್ಯುವ ಟ್ರೇಲರಿನಲ್ಲಿ ನಾನು ಹರಾಜಿನ ಗೇಟಿನ ಪಕ್ಕ ನಿಂತು, ಹಣ್ಣಿನ ಪಾಕ ತುಂಬಿದ ಕೊಲಾಚೆ ಬನ್ನು ಮಾರುತ್ತೇನೆ. ಹತ್ತೊಂಬತ್ತು ವರ್ಷದಿಂದ ನನ್ನ ಹೊಟ್ಟೆ ಹೊರೆದದ್ದು ಆ ಜಾಗ. ಸಾಲಾಗಿ ಮೂರು ಮಂಗಳವಾರ ಬಾರದವರ ಜಾಗ ಸರದಿಯಲ್ಲಿ ಮುಂದಿನವರಿಗೆಂಬುದು ಹರಾಜಿನವರ ನಿಯಮ, ಮತ್ತು ಮುಂದಿನವಳಾದ ಬರ್ನೀಸ್ ಟ್ರಾಪ್ ತನ್ನ ಕಾಳಿನ ಸಾರಿನ ಗಾಡಿಯನ್ನು ಆಗಲೇ ತೊಳೆದಿಟ್ಟುಕೊಂಡಿದ್ದಳು.

ಇಂಥ ಹೊತ್ತಿನಲ್ಲಿ ತಾವು ತೋರಿದ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಎರಡರಿಂದ ಮೂರನೇ ಗೇರಿಗೆ ಏರುವ ಮುನ್ನ ಎಂಜಿನ್ನನ್ನು ಅರ್ಧ ಮೈಲಿ ಕಿರುಚಾಡಿಸಿ ಆಲೋಚಿಸುತ್ತಿದ್ದಿರಿ; ಏರಿದಾಗಲೋ, ಹಿಂದಿನಿಂದ ಹೋರಿ ಗುದ್ದಿದಂತೆ ಏರಿ, ಒಂದು ತಟ್ಟೆ ಕೊಲಾಚೆಯನ್ನು ಟ್ರೇಲರಿನ ಚಾವಣಿಗೆ ಅಂಟಿಸಿದಿರಿ.

ತಮ್ಮ ಕಾಯಿಲೆಯನ್ನು ನಮ್ಮ ಧಾನ್ಯದ ಗೋದಾಮಿನಲ್ಲಿ ಊರಿನವರು ಹರಟೆಗೆ ಕೂರುವ ಕಾಫಿ ಮೇಜಿನ ಮುಂದಿಟ್ಟೆ. ನಮ್ಮೂರಲ್ಲಿ ಯಾರೂ ಯಾರಿಗೂ "ನೀನು ಹೇಳಿದ್ದು ತಪ್ಪು" ಎನ್ನುವುದಿಲ್ಲ. ಅದು ಮನೆಗೆ ಕಲ್ಲು ಹೊಡೆದಷ್ಟೇ ಅಸಭ್ಯ. "ಇರಬಹುದು" ಎನ್ನುತ್ತೇವೆ.

"ಫಿಲ್ಟರ್ ಕಟ್ಕೊಂಡಿದೆ ಕಣಮ್ಮ," ಎಂದ ಮೇಜಿನ ಹಿರಿಯ ಎಲ್ವಿನ್ ಕುಚೆರಾ.

"ಇರಬಹುದು. ಆದ್ರೆ ಒಳಗಿನ ರಬ್ಬರು ಒಣಗಿರ್ಬೇಕು, ಒಂದು ಬಾಟ್ಲಿ ಟಾನಿಕ್ ಕುಡಿಸು," ಎಂದ ಪಕ್ಕದವನು. ಮಿಕ್ಕವರೂ ಒಂದೊಂದು ಬಾಟಲಿಯ ಹೆಸರು ಹೇಳಿದರು. ಎಲ್ಲರದೂ "ಇರಬಹುದು" ಆದ್ದರಿಂದ ಎಲ್ಲವನ್ನೂ ಕೊಂಡೆ. ಗ್ಯಾರೇಜಿನ ವರ್ಜಿಲ್ ಮಾತ್ರ ಬಾಗಿಲಿನಿಂದಲೇ ತೀರ್ಪಿತ್ತ: "ಪೂರ್ತಿ ಇಳಿಸಿ ಕಟ್ಬೇಕು. ಎರಡು ಸಾವಿರದ ಎಂಟುನೂರು. ಮುಂದಿನ ತಿಂಗ್ಳು ನೋಡೋಣ."

ಈ ನಡುವೆ ತಮ್ಮ ಎಣ್ಣೆ ಮೂರು ದಿನಕ್ಕೊಮ್ಮೆ ಒಂದು ಬಾಟಲಿಯಷ್ಟು ಇಳಿಯುತ್ತಿತ್ತು. ಗಾಡಿಯ ಕೆಳಗೆ ರಟ್ಟು ಹಾಸಿ ನೋಡಿದೆ. ಒಂದು ಹನಿಯೂ ಇಲ್ಲ.

"ಬೀಳ್ದೇ ಇರೋ ಎಣ್ಣೆ ಎಲ್ಲಿಗೆ ಹೋಗುತ್ತೆ? ಎಣ್ಣೆ ಅಳೆಯೋ ಕಡ್ಡೀನ ನೀನು ಸರಿಯಾಗಿ ನೋಡಿಲ್ವೇನೋ," ಎಂದ ಎಲ್ವಿನ್. ಗಾಡಿಯ ಪುಸ್ತಕದಲ್ಲಿ ಬರೆದಂತೆ ಅದು ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎತ್ತಿ ನೋಡಿದ್ದ ನಾನು "ಇರಬಹುದು" ಎಂದೆ. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬರುತ್ತಿದೆಯಲ್ಲ ಎಂದರೆ, ಅದು ಎಂಜಿನ್ನಿನ ಮುಪ್ಪು, ಬೇರೆಯೇ ಕಾಯಿಲೆ ಎಂದರು.

ಮೂರನೇ ಮಂಗಳವಾರದ ಹಿಂದಿನ ದಿನ, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಆರ್ಲಿಸ್ ಸೋಬೊಟ್ಕಾ ಗೋದಾಮಿಗೆ ಕೋಳಿಯ ಮೇವಿಗೆಂದು ಬಂದವಳು ನನ್ನ ಗಾಡಿಯ ಹೊಗೆ ಮೂಸಿ ನಿಂತಳು.

"ಇದು ಎಂಜಿನ್ ಎಣ್ಣೆ ವಾಸನೆ ಅಲ್ಲ ಕಣೇ. ನಿನ್ನ ಗೇರಿನ ಎಣ್ಣೇನ ಎಂಜಿನ್ ಕುಡೀತಿದೆ."

"ಇರಬಹುದು ಆರ್ಲಿಸ್, ಆದ್ರೆ..." ಎಂದ ಎಲ್ವಿನ್.

"ಇರಬಹುದು ಏನು ಬಂತು? ನೀನು ಹೇಳಿದ್ದು ತಪ್ಪು. ಟಾರ್ಚ್ ಇದ್ರೆ ಕೊಡು."

ಎಲ್ವಿನ್ ಕಾಫಿ ಲೋಟ ಕೆಳಗಿಟ್ಟು ಟಾರ್ಚ್ ತಂದುಕೊಟ್ಟ. ಅವಳು ಗಾಡಿಯ ಕೆಳಗೆ ತೂರಿ, ತಮ್ಮ ಪಕ್ಕೆಯಲ್ಲಿರುವ ಡಬ್ಬಿಯಂಥ ಸಣ್ಣ ಭಾಗಕ್ಕೆ ಎಂಜಿನ್ನಿನಿಂದ ಬರುವ ಬೆರಳು ದಪ್ಪದ ರಬ್ಬರ್ ಕೊಳವೆಯನ್ನು ಕಿತ್ತಳು. ಕೆಂಪೆಣ್ಣೆ ತೊಟ್ಟಿಕ್ಕಿತು.

"ಎಂಜಿನ್ ಎಷ್ಟು ದಣೀತಿದೆ ಅಂತ ಗೇರ್‌ಬಾಕ್ಸಿಗೆ ಹೇಳೋದೇ ಈ ಡಬ್ಬಿ. ಒಳಗಿನ ಪೊರೆ ಹರಿದಿದೆ. ಇಪ್ಪತ್ತೆರಡು ಡಾಲರ್, ಒಂದು ಬೋಲ್ಟು. ಏಳು, ಅಂಗಡಿ ಮುಚ್ಚೋಕ್ಮುಂಚೆ ಹೋಗಿ ತಗೊಂಬಾ."

ಮಹಾಶಯರೇ, ಮರುದಿನ ತಾವು ಬೆಣ್ಣೆಯಂತೆ ಮೂರಕ್ಕೇರಿದಿರಿ. ಗೇಟಿನಲ್ಲಿ ಬರ್ನೀಸ್ ಆಗಲೇ ಒಲೆ ಹಚ್ಚಿದ್ದಳು. "ನೀನು ಬರಲ್ಲ ಅಂದ್ಕೊಂಡೆ," ಎಂದಳು. ಐವತ್ತಮೂರು ವರ್ಷದ ಬಾಳಿನಲ್ಲಿ ಮೊದಲ ಸಲ ನಾನು ಹೇಳಿದೆ: "ತಪ್ಪು ಅಂದ್ಕೊಂಡೆ ಬರ್ನೀಸ್. ಗಾಡಿ ತೆಗಿ." ಅವಳಿಗಿಂತ ನಾನೇ ಹೆಚ್ಚು ಬೆಚ್ಚಿದೆ. ಅವಳು ತೆಗೆದಳು.

ಆದ್ದರಿಂದ ನನ್ನ ನಮ್ರ ಕೋರಿಕೆ: ಮುಂದಿನ ಸಲ ಕಾಯಿಲೆ ಬೀಳುವ ಹದಿನೈದು ದಿನ ಮೊದಲು ಲಿಖಿತ ಸೂಚನೆ ನೀಡಬೇಕು, ಹೊಗೆಯನ್ನು ಕಾಯಿಲೆಗೊಂದು ಬಣ್ಣದಂತೆ ಬಿಡಬೇಕು, ಸಾಧ್ಯವಾದರೆ ಕಾಫಿ ಮೇಜಿಗೆ ಖುದ್ದಾಗಿ ಹಾಜರಾಗಿ, ತಮ್ಮ ಬಗ್ಗೆ ಅಲ್ಲಿ ನಡೆಯುವ ಚರ್ಚೆಯನ್ನು ಕಿವಿಯಾರೆ ಕೇಳಬೇಕು.

ಇನ್ನೂ ತಮ್ಮನ್ನು ಮಾರಲು ಮನಸ್ಸಾಗದ,
ತಮ್ಮ ವಿಶ್ವಾಸಿ,
ಲವಾನ್ ಹ್ರೂಬಿ

ಮರೆತ ಮಾತು: ಇದರಲ್ಲಿ ಯಾರಿಗೆ ಏನು ದಕ್ಕಿತೆಂದು ತಮ್ಮ ಗಮನಕ್ಕೆ. ಟಾನಿಕ್ಕಿನ ಅಂಗಡಿಗೆ ಐವತ್ತೆಂಟು ಡಾಲರ್. ಕಾಫಿ ಮೇಜಿಗೆ ಮೂರು ವಾರದ ಮಾತು. ವರ್ಜಿಲ್‌ಗೆ ಏನೂ ಇಲ್ಲ. ಆರ್ಲಿಸ್‌ಗೆ ಎರಡು ಡಜನ್ ಕೊಲಾಚೆ, ಜೊತೆಗೆ ಎಲ್ವಿನ್ನನ ಮೌನ. ತಮಗೆ ಹೊಸ ಡಬ್ಬಿ. ನನಗೆ ನನ್ನ ಜಾಗ. ಬರ್ನೀಸ್‌ಗೆ ನನ್ನ ಹಳೆಯ ಗಿರಾಕಿಗಳಲ್ಲಿ ಹನ್ನೊಂದು ಮಂದಿ. ಕಾಳಿನ ಸಾರು ಚೆನ್ನಾಗಿದೆಯಂತೆ.