ಷಡ್ಡಕನ ಇಲಿಗಳು

ಇಲಿಗಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಮನುಷ್ಯ ಲೋಕದಲ್ಲಿದ್ದರೆ ಅವನು ನಮ್ಮ ಸಿಡುಕಪ್ಪನೊಬ್ಬನೇ. ಪ್ರಯೋಗಾಲಯದವರು ಇಟ್ಟ ಹೆಸರು ಅದು. ಆ ಇಲಿಗಳು ಷಡ್ಡಕನವು, ಅದೇ ಸಂಕಟ. ಹೆಂಡತಿಯ ತಂಗಿಯ ಗಂಡ ಬಂದು ಪಕ್ಕದ ಮೇಜಿಗೇ ವಕ್ಕರಿಸಿದ್ದ.

ಪ್ರಯೋಗ ಇಬ್ಬರದೂ ಒಂದೇ. ಜನ ಮೈಕೈನೋವಿಗೆ ನುಂಗುವ ಮಾತ್ರೆ ರಕ್ತದೊತ್ತಡ ಏರಿಸುತ್ತದೆಯೇ ಎಂದು ನೋಡುವುದು. ಅರ್ಧ ಇಲಿಗಳಿಗೆ ಮಾತ್ರೆ ಬೆರೆಸಿದ ನೀರು, ಉಳಿದವಕ್ಕೆ ಬರೀ ನೀರು; ಆಮೇಲೆ ಅಲುಗದಂತೆ ಕೊಳವೆಯೊಳಗೆ ಕೂರಿಸಿ, ಬಾಲಕ್ಕೆ ಪಟ್ಟಿ ಸುತ್ತಿ ಅಳತೆ. ಷಡ್ಡಕನಲ್ಲಿ ಮಾತ್ರೆ ಕುಡಿದವಕ್ಕಷ್ಟೇ ಒತ್ತಡ ಏರುತ್ತಿತ್ತು. ಸಿಡುಕಪ್ಪನ ಇಲಿಗಳು ಏನು ಕುಡಿದರೂ ಒಂದೇ ಸಮ ಏರಿ ಕೂರುತ್ತಿದ್ದವು.

ಅಂದು ಮಧ್ಯಾಹ್ನ ನಿರ್ದೇಶಕಿ ಇಬ್ಬರ ಅಳತೆಯನ್ನೂ ಕಣ್ಣಾರೆ ನೋಡಿ ಒಬ್ಬನನ್ನು ವಿಭಾಗದ ಮುಖ್ಯಸ್ಥನಾಗಿ ಆರಿಸುವವರಿದ್ದರು. "ನೋಡ್ರೀ, ಅವನಿಗೆ ಸಿಕ್ರೆ ನನ್ನ ತಂಗೀನ ಹಿಡಿಯೋಕಾಗಲ್ಲ. ಈಗ್ಲೇ ನೆಲದ ಮೇಲೆ ನಡೀತಿಲ್ಲ ಅವಳು" ಎಂದು ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು.

"ಭಾವ, ಊಟಕ್ಕೆ ಬರ್ತೀರಾ?" ಎಂದ ಷಡ್ಡಕ.

"ಹೊಟ್ಟೆ ತುಂಬಿದೆ." ಸುಳ್ಳೇನಲ್ಲ, ಕಿಚ್ಚು ತುಂಬಿತ್ತು.

ಷಡ್ಡಕ ಅತ್ತ ಹೋದದ್ದೇ ತಡ, ಸಿಡುಕಪ್ಪ ಇಬ್ಬರ ಇಲಿಗಳನ್ನೂ ಅದಲುಬದಲು ಮಾಡಿದ. ಮಾತ್ರೆಯವನ್ನು ಮಾತ್ರೆಯವುಗಳ ಪಂಜರಕ್ಕೆ, ನೀರಿನವನ್ನು ನೀರಿನವುಗಳ ಪಂಜರಕ್ಕೆ. ಪಂಜರ ತೊಳೆಯುವಾಕೆ ಇಣುಕಿದಳು. "ಏನ್ ಸಾರ್, ಮನೆ ಬದಲಾಯಿಸ್ತಿದ್ದೀರಾ?"

"ಗಾಳಿ ಬದಲಾಗ್ಲಿ ಅಂತ" ಎಂದು ಬೆವರೊರೆಸಿಕೊಂಡ.

ನಿರ್ದೇಶಕಿ ಬಂದರು. ಮೊದಲು ಷಡ್ಡಕ. ಅವನು ಒಂದೊಂದನ್ನೂ ಅಂಗೈಮೇಲೆ ಕೂರಿಸಿ, ಬೆನ್ನು ಸವರಿ, ಅದು ಸುಮ್ಮನಾದ ಮೇಲೆ ಕೊಳವೆಗೆ ಬಿಟ್ಟು ಪಟ್ಟಿ ಸುತ್ತಿದ. ಮಾತ್ರೆ ಕುಡಿದವಕ್ಕೆ ಏರಿತ್ತು, ನೀರು ಕುಡಿದವಕ್ಕೆ ಇಲ್ಲ. ಸಿಡುಕಪ್ಪ ಕಣ್ಣುಜ್ಜಿಕೊಂಡು ಮತ್ತೆ ಅಳತೆ ನೋಡಿದ. ತಾನೇ ಸಾಕಿದ ಇಲಿಗಳು ಉಂಡ ಮನೆಗೆ ಎರಡು ಬಗೆದಿದ್ದವು!

ಈಗ ಇವನ ಸರದಿ. ಷಡ್ಡಕನ ಇಲಿಯನ್ನು ಸಾಕ್ಷಾತ್ ಷಡ್ಡಕನನ್ನೇ ಹಿಡಿದಂತೆ ಹಿಡಿದು ಕೊಳವೆಗೆ ತುರುಕಿದ. ಅದು ಕಿರುಚಿತು. ಮಾತ್ರೆ ಕುಡಿದವು, ನೀರು ಕುಡಿದವು, ಎಲ್ಲಕ್ಕೂ ಒತ್ತಡ ಏರಿಯೇ ಏರಿತು.

ನಿರ್ದೇಶಕಿ ನಕ್ಕುಬಿಟ್ಟರು. "ಇಲಿ ಹೆದರಿದ್ರೂ ಒತ್ತಡ ಏರತ್ತೆ ಕಣ್ರೀ. ಇದು ಮಾತ್ರೆ ಪ್ರಭಾವ ಅಲ್ಲ, ನಿಮ್ಮದು!"

ಮುಖ್ಯಸ್ಥ ಯಾರಾದನೆಂದು ಹೇಳಬೇಕಾಗಿಲ್ಲ. ಸಿಡುಕಪ್ಪ ಚೀಲ ಎತ್ತಿಕೊಂಡು ಹೊರಟ. ಹೊಸ ಮುಖ್ಯಸ್ಥ ಓಡಿಬಂದು ಕೈ ಹಿಡಿದುಕೊಂಡ.

"ಎಲ್ಲಿಗೆ ಭಾವ? ನಿಮ್ಮನ್ನ ನಾನು ಬಿಟ್ಟುಕೊಡಲ್ಲ. ಮುಂದಿನ ಪ್ರಯೋಗ ಹೆದರಿಕೆಯಿಂದ ಎಷ್ಟು ಏರತ್ತೆ ಅಂತ. ಆ ಇಲಿಗಳಿಗೆ ಮಾತ್ರೆ ಗೀತ್ರೆ ಏನೂ ಬೇಡ. ನೀವು ದಿನಾ ಬಂದು ಪಂಜರದ ಮುಂದೆ ನಿಂತ್ರೆ ಸಾಕು!"